ಕಡಿದದ್ದೆಷ್ಟು, ತುಂಬಿಸಿದ್ದೆಷ್ಟು? ಪತ್ತನಾಜೆಗೆ ಮೊದಲು ಲೆಕ್ಕ ಗೋಡೆಗೆ ಬರಲಿ

ಬಿ.ಸಿ.ರೋಡಿನಿಂದ ಕಲ್ಲಡ್ಕ, ಮಾಣಿ ಕಡೆ ಹೋಗುವ ಬಸ್ಸಿರಲಿ, ಮಂಗಳೂರು-ಮೂಡಬಿದಿರೆ ಬಸ್ಸಿರಲಿ, ಪುಂಜಾಲಕಟ್ಟೆ ಮಾರ್ಗವಾಗಿ ಬೆಳ್ತಂಗಡಿಗೆ ಹೋಗುವ ಬಸ್ಸಿರಲಿ, ಕಿಟಕಿ ಬದಿ ಸೀಟು ಸಿಕ್ಕಿದವರಿಗೆ ಈ ಕೆಲವು ವರ್ಷಗಳಲ್ಲಿ ಕಂಡದ್ದು ಒಂದೇ ನೋಟ. ಒಂದು ಕಡೆ ಹಿಟಾಚಿ ಗುಡ್ಡ ಕಡಿಯುತ್ತದೆ, ಇನ್ನೊಂದು ಕಡೆ ಟಿಪ್ಪರು ಅದೇ ಮಣ್ಣನ್ನು ತಗ್ಗಿಗೆ ಸುರಿಯುತ್ತದೆ. ಎತ್ತರವಿದ್ದದ್ದು ತಗ್ಗಾಗಬೇಕು, ತಗ್ಗಿದ್ದದ್ದು ಎತ್ತರವಾಗಬೇಕು. ನಮ್ಮಂಥ ಏರುತಗ್ಗಿನ ಸೀಮೆಯಲ್ಲಿ ಹೆದ್ದಾರಿ ಅಂದರೆ ಅರ್ಧಕ್ಕರ್ಧ ಇದೇ ಕೆಲಸ. ಡಾಮರು ಹಾಕುವುದು ಕೊನೆಯ ಶೃಂಗಾರ ಮಾತ್ರ.

ಈ ಮಣ್ಣಿನ ಲೆಕ್ಕವನ್ನು ಯಾರೋ ಇಟ್ಟಿರುತ್ತಾರೆ. ಎಲ್ಲಿ ಎಷ್ಟು ಕಡಿದಾಯಿತು, ಎಲ್ಲಿ ಎಷ್ಟು ತುಂಬಿಸಿಯಾಯಿತು, ಇನ್ನೆಷ್ಟು ಬಾಕಿ ಎಂಬ ಲೆಕ್ಕ. ಈಗ ಅದನ್ನು ನಕ್ಷೆಯಾಗಿಯೇ ಮಾಡುವ ಉಪಾಯ ಬಂದಿದೆ. ಆದರೆ ಆ ನಕ್ಷೆ ರಸ್ತೆ ಬದಿಯ ಅಂಗಡಿಯವರಿಗೂ ಇಲ್ಲ, ಬಸ್ಸಿನಲ್ಲಿ ಕೂತು ಹೋಗುವವರಿಗೂ ಇಲ್ಲ, ಬರೆಯ ಮೇಲೆ ಮನೆ ಇರುವವರಿಗೂ ಇಲ್ಲ. ಯಾಕೆ ಇಲ್ಲ ಎಂದು ಈ ಅಂಕಣದಲ್ಲಿ ಕೇಳುವುದಿದೆ.

ಮೊದಲು ಲೆಕ್ಕ ಎಂತದು ಎಂದು ನೋಡುವ. ಪಿಯುಸಿ ಅರ್ಧದಲ್ಲಿ ಬಿಟ್ಟ ನನ್ನ ತಲೆಗೆ ಹೋದದ್ದು ದಿನಾ ತಕ್ಕಡಿ ಹಿಡಿಯುವ ನಿಮ್ಮ ತಲೆಗೆ ಹೋಗದಿರುತ್ತದೆಯೇ?

ಕೆಲಸ ಶುರುವಾಗುವ ಮೊದಲು ಇಂಜಿನಿಯರರು ಲೆವೆಲ್ ಯಂತ್ರ, ಅಳತೆಕೋಲು ಹಿಡಿದು ರಸ್ತೆ ಹೋಗುವ ದಾರಿಯುದ್ದಕ್ಕೂ ನೆಲದ ಎತ್ತರ ಬರೆದುಕೊಳ್ಳುತ್ತಾರೆ. ಇದು ಅಂಗಡಿಯ ಏಪ್ರಿಲ್ ಒಂದರ ದಾಸ್ತಾನು ಇದ್ದ ಹಾಗೆ. ಇದು ಸರಿ ಇಲ್ಲದಿದ್ದರೆ ಮುಂದಿನ ಯಾವ ಲೆಕ್ಕವೂ ಸರಿಯಾಗದು. ಮತ್ತೆ ಪ್ರತಿ ಹತ್ತು ಅಥವಾ ಇಪ್ಪತ್ತು ಮೀಟರಿಗೆ ಒಂದರಂತೆ ಗುಡ್ಡವನ್ನು ಹಲಸಿನಹಣ್ಣು ಕೊಯ್ದ ಹಾಗೆ ಅಡ್ಡಕ್ಕೆ ಕೊಯ್ದರೆ ಹೇಗೆ ಕಂಡೀತು ಎಂದು ಕಾಗದದಲ್ಲಿ ಬಿಡಿಸುತ್ತಾರೆ. ಒಂದು ಜಾಗದಲ್ಲಿ ಕಡಿಯಬೇಕಾದ ಭಾಗ 40 ಚದರ ಮೀಟರು, 20 ಮೀಟರು ಮುಂದೆ 60 ಚದರ ಮೀಟರು ಎಂದಿಟ್ಟುಕೊಳ್ಳಿ. ಸರಾಸರಿ 50. ಅದನ್ನು 20ರಿಂದ ಗುಣಿಸಿದರೆ 1,000 ಘನ ಮೀಟರು. ಇಷ್ಟೇ ಸೂತ್ರ. ದೊಡ್ಡ ದೊಡ್ಡ ಹೆದ್ದಾರಿಗಳ ಮಣ್ಣನ್ನು ಲೋಕವೆಲ್ಲ ತುಂಬ ಕಾಲ ಹೀಗೇ ಅಳೆದದ್ದು.

ಇಲ್ಲಿ ಒಂದು ಮೋಜಿನ ಸಂಗತಿ ಉಂಟು. ಗುಡ್ಡದಲ್ಲಿ 1,000 ಘನ ಮೀಟರು ಇದ್ದ ಮಣ್ಣು ಟಿಪ್ಪರಿಗೆ ಬಿದ್ದಾಗ 1,000 ಇರುವುದಿಲ್ಲ. ಸಡಿಲಾಗಿ ಉಬ್ಬುತ್ತದೆ. ನೂರಕ್ಕೆ ಇಪ್ಪತ್ತೈದು ಉಬ್ಬಿತೆಂದರೆ 1,250. ಒಂದು ಟಿಪ್ಪರಿಗೆ ಹನ್ನೆರಡೂವರೆ ಘನ ಮೀಟರು ಹಿಡಿದರೆ ಸರಿಯಾಗಿ ನೂರು ಲೋಡು. ಅದೇ ಮಣ್ಣನ್ನು ತಗ್ಗಿನಲ್ಲಿ ಹರಡಿ, ನೀರು ಬಿಟ್ಟು, ರೋಲರ್ ಓಡಿಸಿ ಅದುಮಿದಾಗ 1,000ಕ್ಕಿಂತಲೂ ಕಮ್ಮಿ ಆಗುವುದುಂಟು. ಒಂದೇ ಮಣ್ಣು, ಮೂರು ಅಳತೆ. ಹಿಂದೆ ಸೇರಿನಲ್ಲಿ ಅಕ್ಕಿ ಅಳೆದು ಕೊಡುತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೇರನ್ನು ನೆಲಕ್ಕೆ ಎರಡು ಸಲ ತಟ್ಟಿದರೆ ಅಕ್ಕಿ ಬೆರಳಷ್ಟು ಇಳಿಯುತ್ತದೆ. ತಟ್ಟುವ ಮೊದಲು ಅಳೆದದ್ದೋ ತಟ್ಟಿದ ಮೇಲೆ ಅಳೆದದ್ದೋ ಎಂಬುದರ ಮೇಲೆ ಲಾಭನಷ್ಟ. ಆದ್ದರಿಂದ "ಇಷ್ಟು ಸಾವಿರ ಲೋಡು ಮಣ್ಣು ಹಾಕಿದ್ದೇವೆ" ಎಂದು ಯಾರಾದರೂ ಹೇಳಿದರೆ ಕೂಡಲೇ ತಲೆದೂಗಬೇಡಿ. ತಟ್ಟಿದ ಮೇಲೆ ಎಷ್ಟು ಎಂದು ಕೇಳಿ.

ಲೆವೆಲ್ ಯಂತ್ರದ ಕೆಲಸ ನಿಧಾನದ್ದು. ಕಡಿದ ಬರೆಯ ಅಂಚಿನಲ್ಲಿ ಅಳತೆಕೋಲು ಹಿಡಿದು ನಿಲ್ಲುವ ಹುಡುಗನ ಜೀವಕ್ಕೂ ಅಪಾಯ. ಎರಡು ಅಡ್ಡಕೊಯ್ತಗಳ ನಡುವೆ ಎಂತ ಆಗಿದೆ ಎಂದು ಅದು ಹೇಳುವುದೂ ಇಲ್ಲ, ಸರಾಸರಿ ಅಂದಾಜು ಮಾತ್ರ. ಈಗ ಬಂದದ್ದು ಡ್ರೋನು. ನೆಲದಲ್ಲಿ ಅಲ್ಲಲ್ಲಿ ಕಪ್ಪು-ಬಿಳಿ ಚೌಕದ ಗುರುತು ಇಟ್ಟು, ಅವುಗಳ ಎತ್ತರ ಕರಾರುವಾಕ್ಕಾಗಿ ಅಳೆದು, ಮೇಲಿನಿಂದ ಒಂದರ ಮೇಲೊಂದು ಬರುವ ಹಾಗೆ ನೂರಾರು ಫೋಟೋ ಹೊಡೆಯುತ್ತದೆ. ಕಂಪ್ಯೂಟರು ಆ ಫೋಟೋಗಳನ್ನು ಹೊಂದಿಸಿ ಇಡೀ ನೆಲದ ಅಚ್ಚು ಎಬ್ಬಿಸುತ್ತದೆ. ಕಳೆದ ತಿಂಗಳ ಅಚ್ಚಿನಿಂದ ಈ ತಿಂಗಳ ಅಚ್ಚನ್ನು ಕಳೆದರೆ ಸಿಗುವುದು ನಕ್ಷೆ. ಸಾಮಾನ್ಯವಾಗಿ ಕಡಿದಲ್ಲಿ ಕೆಂಪು, ತುಂಬಿಸಿದಲ್ಲಿ ನೀಲಿ. ಆಳ ಹೆಚ್ಚಿದ ಹಾಗೆ ಬಣ್ಣವೂ ಗಾಢ. ಅಕ್ಷರ ಬಾರದವರಿಗೂ ಅರ್ಥವಾಗುವ ಚಿತ್ರ.

ಡ್ರೋನಿಗೂ ಮಿತಿ ಉಂಟು, ಅದನ್ನೂ ಹೇಳಿಬಿಡುತ್ತೇನೆ. ಮರ ತೆಗೆಯುವ ಮೊದಲು ಹಾರಿಸಿದರೆ ಅದಕ್ಕೆ ಕಾಣುವುದು ಮರದ ತಲೆ, ನೆಲವಲ್ಲ. ಒಂದು ಹೆಕ್ಟೇರಿನಲ್ಲಿ ಎತ್ತರದ ಲೆಕ್ಕ ಬರೇ 5 ಸೆಂಟಿಮೀಟರು ತಪ್ಪಿದರೆ 500 ಘನ ಮೀಟರು ಹೆಚ್ಚುಕಮ್ಮಿ ಆಗುತ್ತದೆ. ಮೇಲಿನ ಲೆಕ್ಕದಲ್ಲಿ ಐವತ್ತು ಲೋಡು! ಎಲ್ಲಕ್ಕಿಂತ ಮುಖ್ಯವಾಗಿ ಅದು ಮಣ್ಣಿನ ಎತ್ತರ ನೋಡುತ್ತದೆ, ಮಣ್ಣಿನ ಗಟ್ಟಿ ನೋಡುವುದಿಲ್ಲ. ತುಂಬಿಸುವಾಗ ಅದುಮಿದ ಮೇಲೆ ಸುಮಾರು 20 ಸೆಂಟಿಮೀಟರು ಆಗುವ ಹಾಗೆ ಪದರ ಪದರವಾಗಿ ಹಾಕಬೇಕು, ಪ್ರತಿ ಪದರ ಪರೀಕ್ಷೆ ಆಗಬೇಕು, ಪ್ರಯೋಗಶಾಲೆಯಲ್ಲಿ ಸಿಗುವ ಗರಿಷ್ಠ ಗಟ್ಟಿಯ ಶೇ. 95 ಆದರೂ ಸಿಗಬೇಕು, ಡಾಮರಿನ ಅಡಿಯ ಭಾಗದಲ್ಲಿ ಶೇ. 97 ಎಂಬುದು ಕೇಂದ್ರ ಹೆದ್ದಾರಿ ಮಂತ್ರಾಲಯದ ನಿಯಮ. ಆರು ಮೀಟರು ಎತ್ತರದ ಏರಿ ಅಂದರೆ ಮೂವತ್ತು ಪದರ. ಮೂವತ್ತನ್ನೂ ಅದುಮಿದ್ದಾರೋ, ಹತ್ತರಲ್ಲಿ ಮುಗಿಸಿದ್ದಾರೋ ಎಂದು ಆಕಾಶದಿಂದ ನೋಡಿದರೆ ಗೊತ್ತಾಗದು. ಅದಕ್ಕೆ ಹೊಂಡ ತೋಡಿ, ಮರಳು ತುಂಬಿಸಿ ನೋಡುವ ಹಳೆಯ ಪರೀಕ್ಷೆಯೇ ಬೇಕು.

ಇನ್ನು ನಮ್ಮ ಮೂರು ರಸ್ತೆಗಳ ವಿಷಯಕ್ಕೆ ಬರುತ್ತೇನೆ.

ಬಿ.ಸಿ.ರೋಡು-ಅಡ್ಡಹೊಳೆ ಚತುಷ್ಪಥ, ಅರುವತ್ತು ಕಿಲೋಮೀಟರಿಗೂ ಮಿಕ್ಕಿದ್ದು, 2017ರಲ್ಲಿ ಶುರುವಾಯಿತು. ನಡುವೆ ನಿಂತಿತು. ಮತ್ತೆ ಎರಡು ತುಂಡು ಮಾಡಿ ಹೊಸ ಟೆಂಡರಿನಲ್ಲಿ ಮುಂದುವರಿಯಿತು. ಕಲ್ಲಡ್ಕದವರು ಬೇಸಗೆಯಲ್ಲಿ ತಿಂದ ಧೂಳು, ಮಳೆಗಾಲದಲ್ಲಿ ತುಳಿದ ಕೆಸರು ಜಿಲ್ಲೆಗೆಲ್ಲ ಗೊತ್ತುಂಟು. ಎರಡನೆಯದು ಮಂಗಳೂರಿನ ಬಿಕರ್ನಕಟ್ಟೆಯಿಂದ ಮೂಡಬಿದಿರೆ ದಾಟಿ ಕಾರ್ಕಳದ ಸಾಣೂರಿಗೆ ಹೋಗುವ ಸುಮಾರು 45 ಕಿಲೋಮೀಟರಿನದ್ದು. ಮೂರನೆಯದು ಪುಂಜಾಲಕಟ್ಟೆಯಿಂದ ಮಡಂತ್ಯಾರು, ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆ ಹಾದು ಚಾರ್ಮಾಡಿಗೆ ಹೋಗುವ ಸುಮಾರು 35 ಕಿಲೋಮೀಟರು. ಮೊದಲ ಎರಡು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಕೈಯ ಕೆಲಸ. ಮೂರನೆಯದು ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗದ್ದು. ಈ ವ್ಯತ್ಯಾಸ ನೆನಪಿಡಿ, ಮುಂದೆ ಅರ್ಜಿ ಬರೆಯುವಾಗ ಬೇಕಾಗುತ್ತದೆ.

2021ರ ಜೂನಿನಲ್ಲಿ ಪ್ರಾಧಿಕಾರ ಒಂದು ಆದೇಶ ಮಾಡಿತು. ತನ್ನ ಎಲ್ಲಾ ಹೆದ್ದಾರಿ ಕೆಲಸಗಳನ್ನು ತಿಂಗಳಿಗೊಮ್ಮೆ ಡ್ರೋನಿನಲ್ಲಿ ವಿಡಿಯೋ ಮಾಡಬೇಕು, ಮೇಲ್ವಿಚಾರಣೆಯ ಸಲಹೆಗಾರರ ಮುಖ್ಯಸ್ಥರು ಹಾಜರಿರಬೇಕು, ಹಿಂದಿನ ತಿಂಗಳ ವಿಡಿಯೋ ಜೊತೆ ಹೋಲಿಸಿ ಟಿಪ್ಪಣಿ ಬರೆಯಬೇಕು, ಎಲ್ಲವನ್ನೂ ಪ್ರಾಧಿಕಾರದ ಕಂಪ್ಯೂಟರು ಖಜಾನೆಗೆ ಸೇರಿಸಬೇಕು. ಮುಂದೆ ಗುತ್ತಿಗೆದಾರರ ಜೊತೆ ತಕರಾರಾದರೆ ಪಂಚಾಯ್ತಿಕೆಯಲ್ಲೂ ಕೋರ್ಟಿನಲ್ಲೂ ಅದು ಸಾಕ್ಷಿಯಾಗುತ್ತದೆ ಎಂದೂ ಹೇಳಿತು. ಒಳ್ಳೆಯ ಆದೇಶವೇ, ಇಲ್ಲವೆನ್ನುವುದಿಲ್ಲ. ಆದರೆ ಗಮನಿಸಿ. ಗುತ್ತಿಗೆದಾರರಿಗೆ ಆಗುತ್ತದೆ, ಪ್ರಾಧಿಕಾರಕ್ಕೆ ಆಗುತ್ತದೆ, ಕೋರ್ಟಿಗೆ ಆಗುತ್ತದೆ. ಬರೆಯ ಅಡಿಯಲ್ಲಿ ಮಲಗುವವನಿಗೆ? ವಿಡಿಯೋ ಬೇರೆ, ಕಡಿತ-ತುಂಬುವಿಕೆಯ ನಕ್ಷೆ ಬೇರೆ ಎಂಬುದೂ ನಿಜ. ಆದರೆ ತಿಂಗಳು ತಿಂಗಳು ಡ್ರೋನು ಹಾರಿಸುವವರಿಗೆ ಅದೇ ಹಾರಾಟದಲ್ಲಿ ಫೋಟೋ ಹೊಡೆದು ನಕ್ಷೆ ಮಾಡುವುದು ಬೆಟ್ಟ ಹೊರುವ ಕೆಲಸವಲ್ಲ. ದೊಡ್ಡ ಗುತ್ತಿಗೆದಾರರು ತಮ್ಮ ಸ್ವಂತ ಲೆಕ್ಕಕ್ಕೆ ಇಂಥ ನಕ್ಷೆ ಮಾಡಿಸುವುದು ಈಗ ಮಾಮೂಲು.

ನನ್ನ ತಕರಾರು ಇರುವುದು "ಶೇಕಡಾ" ಎಂಬ ಶಬ್ದದ ಮೇಲೆ. ಸಚಿವರು ಬಂದರೂ ಶೇಕಡಾ, ಸಂಸದರ ಸಭೆಯಲ್ಲೂ ಶೇಕಡಾ, ಪತ್ರಿಕಾ ಹೇಳಿಕೆಯಲ್ಲೂ ಶೇಕಡಾ. ಇಷ್ಟು ಶೇಕಡಾ ಕೆಲಸ ಮುಗಿದಿದೆ! ಈಗಿನ ಹೆದ್ದಾರಿ ಕರಾರುಗಳಲ್ಲಿ ಹಣದ ಕಂತು ಬಿಡುಗಡೆ ಆಗುವುದೂ ಹೆಚ್ಚಾಗಿ ಕೆಲಸ ಇಂತಿಷ್ಟು ಮುಂದುವರಿದಿದೆ ಎಂಬ ಲೆಕ್ಕದ ಮೇಲೆ. ಆದರೆ ಶೇಕಡಾ ಎಂಬುದು ಯಾವ ಕೆಲಸ ಮೊದಲಾಯಿತು, ಯಾವುದು ಮತ್ತೆ ಎಂದು ಹೇಳುವುದಿಲ್ಲ. ಗುಡ್ಡವನ್ನು ಪೂರ್ತಿ ಕಡಿದು, ನೆತ್ತಿಯ ಮೇಲಿನ ಚರಂಡಿ ಮಾಡದೆ, ಬುಡಕ್ಕೆ ಗೋಡೆ ಕಟ್ಟದೆ ಬಿಟ್ಟರೂ ಅರುವತ್ತು ಶೇಕಡಾ. ಸ್ವಲ್ಪ ಕಡಿದು, ಮೆಟ್ಟಿಲು ಮಾಡಿ, ಚರಂಡಿ ಗೋಡೆ ಮುಗಿಸಿ ಮತ್ತೆ ಮುಂದೆ ಹೋದರೂ ಅರುವತ್ತು ಶೇಕಡಾ. ಕಾಗದದಲ್ಲಿ ಎರಡೂ ಒಂದೇ. ಆಟಿ ತಿಂಗಳ ಮಳೆಗೆ ಎರಡೂ ಒಂದೇ ಅಲ್ಲ ಮಾರಾಯ್ರೆ.

ನಮ್ಮ ನೆಲದ ಗುಣ ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೇಲೆ ಮುರಕಲ್ಲು. ಕಡಿದರೆ ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ, ಬಿಸಿಲಿಗೆ ಇನ್ನೂ ಗಟ್ಟಿಯಾಗುತ್ತದೆ. ಅದರ ಅಡಿಯಲ್ಲಿ ಶೇಡಿ ಮಣ್ಣು. ಬಿಳಿ, ಹಳದಿ, ನಸುಗೆಂಪು ಬಣ್ಣದ್ದು. ಒಣಗಿದ್ದಾಗ ಇದೂ ಗಟ್ಟಿಯೇ, ಉಗುರು ಇಳಿಯುವುದಿಲ್ಲ. ನೀರು ಕುಡಿಯಿತೋ, ಹಿಟ್ಟು ಕಲಸಿದ ಹಾಗೆ ಕೈಬಿಡುತ್ತದೆ. ಸುರತ್ಕಲ್ಲಿನ ಎನ್.ಐ.ಟಿ.ಕೆ.ಯವರು ಈ ಶೇಡಿಯ ಮೇಲೆ ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ, ಅವರು ಕಂಡದ್ದೂ ಇದೇ. ಹಾಗಾದರೆ ಆಳವಾಗಿ ಕಡಿಯುವುದು ಅಂದರೆ ಎಂತ? ಮುರಕಲ್ಲಿನ ಟೊಪ್ಪಿ ದಾಟಿ ಶೇಡಿಗೆ ಕೈ ಹಾಕುವುದು. ನಕ್ಷೆಯಲ್ಲಿ ಕೆಂಪು ಗಾಢವಾದಷ್ಟು ಶೇಡಿ ಹೊರಗೆ ಬಂದಿರುವ ಸಂಭವ ಹೆಚ್ಚು. ತೋಟದ ಮೇಲಿನ ಬರೆ ಜರಿಯದಿರಲು ನಮ್ಮ ಹಳಬರು ಮೊದಲು ತೆಗೆದದ್ದು ಮೇಲ್ಬದಿಯಲ್ಲಿ ನೀರಿನ ಕಣಿ, ಮತ್ತೆ ಮಾಡಿದ್ದು ಉಳಿದ ಕೆಲಸ. ಇದಕ್ಕೆ ಅವರಿಗೆ ಡ್ರೋನು ಬೇಕಾಗಿರಲಿಲ್ಲ.

ಇದು ಹೆದರಿಸುವ ಮಾತಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಜರಿದು ಬಂತು. ರಸ್ತೆ ಬದಿಯ ಚಾ ಅಂಗಡಿ ಹೋಯಿತು, ಮನೆಮಂದಿ ಹೋದರು, ನಿಂತಿದ್ದ ಲಾರಿ ಗಂಗಾವಳಿ ನದಿಗೆ ಬಿತ್ತು. ಆ ಲಾರಿಯನ್ನು ನೀರಿನಿಂದ ಎತ್ತುವಾಗ ಸೆಪ್ಟೆಂಬರು ಬಂದಿತ್ತು. ರಸ್ತೆ ಬದಿಯ ಅಂಗಡಿಯವರೇ, ಬಸ್ಸು ನಿಲ್ಲಿಸಿ ಚಾ ಕುಡಿಯುವವರೇ, ಅಲ್ಲಿ ಹೋದವರು ನಿಮ್ಮಂಥವರೇ. ಅದೇ ವರ್ಷದ ಮಳೆಗಾಲದಲ್ಲಿ ನಮ್ಮ ಮೂಡಬಿದಿರೆ ರಸ್ತೆಯಲ್ಲಿಯೇ, ವಾಮಂಜೂರಿನ ಹತ್ತಿರ ಕೆತ್ತಿಕಲ್ಲಿನಲ್ಲಿ ಕಡಿದಿಟ್ಟ ಗುಡ್ಡ ಜರಿಯತೊಡಗಿತು. ಬಸ್ಸಿನವರು ಆ ಜಾಗ ಬಂದಾಗ ತಲೆ ಎತ್ತಿ ಮೇಲೆ ನೋಡುತ್ತ ದಾಟಿದ್ದು ಯಾರಿಗೂ ಮರೆತಿರಲಿಕ್ಕಿಲ್ಲ.

ಕಡಿದದ್ದರ ಕಥೆ ಹೀಗಾದರೆ ತುಂಬಿಸಿದ್ದರ ಕಥೆ ಬೇರೆ. 2025ರ ಮೇ 19ರಂದು ಕೇರಳದ ಮಲಪ್ಪುರಂ ಜಿಲ್ಲೆಯ ಕೂರಿಯಾಡಿನಲ್ಲಿ ಗದ್ದೆಯ ನಡುವೆ ಎತ್ತರಕ್ಕೆ ಮಣ್ಣು ತುಂಬಿಸಿ ಕಟ್ಟಿದ್ದ ಹೆದ್ದಾರಿ ಕುಸಿದು, ಪಕ್ಕದ ಸರ್ವಿಸ್ ರಸ್ತೆಯನ್ನೂ ಬಲಿ ತೆಗೆದುಕೊಂಡಿತು. ಮೇಲಿನ ಭಾರವನ್ನು ಅಡಿಯ ಗದ್ದೆಮಣ್ಣು ತಾಳಲಿಲ್ಲ. ಕೊನೆಗೆ ಅಲ್ಲಿ ಮಣ್ಣಿನ ಬದಲು ಕಂಬದ ಮೇಲೆ ರಸ್ತೆ ಮಾಡುವುದೆಂದಾಯಿತು. ನಮ್ಮಲ್ಲೂ ಗದ್ದೆ ಬೈಲುಗಳ ಮೇಲೆಯೇ ಏರಿ ಹೋಗುವುದು. ಏರಿ ಬಂದಲ್ಲಿ ಮೋರಿ ಸಣ್ಣದಾದರೆ ತೋಡಿನ ನೀರು ಎಲ್ಲಿಗೆ ಹೋಗಬೇಕು? ಬಂಟ್ವಾಳದವರಿಗೆ ನೀರಿನ ಪಾಠ ಯಾರೂ ಹೇಳಿಕೊಡಬೇಕಾಗಿಲ್ಲ. 1974ರ ನೆರೆಯ ಗುರುತನ್ನು ಗೋಡೆಯಲ್ಲಿ ತೋರಿಸುವ ಹಿರಿಯರು ಪೇಟೆಯಲ್ಲಿ ಈಗಲೂ ಇದ್ದಾರೆ. ನೇತ್ರಾವತಿ 8.5 ಮೀಟರು ಮುಟ್ಟಿತೆಂದರೆ ಅಂಗಡಿಯ ಸಾಮಾನು ಅಟ್ಟಕ್ಕೆ ಏರುತ್ತದೆ. 2019ರ ಆಗಸ್ಟಿನಲ್ಲಿ ಬೆಳ್ತಂಗಡಿ ಕಡೆಯ ಹೊಳೆಗಳು ಸೇತುವೆಗಳನ್ನೇ ಎತ್ತಿಕೊಂಡು ಹೋದವು, ಚಾರ್ಮಾಡಿ ಘಾಟಿ ಅಲ್ಲಲ್ಲಿ ಜರಿಯಿತು. ಇಂಥ ನೆಲದಲ್ಲಿ ಮಣ್ಣನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಇಡುವವರು ಇಟ್ಟದ್ದೆಲ್ಲಿ ಎಂದು ಹೇಳಬೇಡವೇ?

ಅಂಗಡಿಯವರಿಗೆ ಇದರಲ್ಲಿ ಇನ್ನೊಂದು ವಿಷಯ ಉಂಟು, ಅದನ್ನು ಯಾರೂ ಎತ್ತುವುದಿಲ್ಲ. ರಸ್ತೆಯ ಹೊಸ ಎತ್ತರ. ಕಡಿದಲ್ಲಿ ಅಂಗಡಿ ಮೇಲೆ ಉಳಿಯುತ್ತದೆ, ಗಿರಾಕಿ ಹತ್ತಲು ಏಣಿ ಇಡಬೇಕು. ತುಂಬಿಸಿದಲ್ಲಿ ಅಂಗಡಿ ಕೆಳಗೆ ಉಳಿಯುತ್ತದೆ, ರಸ್ತೆಯ ನೀರು ಗಲ್ಲಾಪೆಟ್ಟಿಗೆಯ ಅಡಿಗೆ ಬರುತ್ತದೆ. ಜಿನಸು ಅಂಗಡಿಯ ಒಬ್ಬರು ನನ್ನಲ್ಲಿ ಕೇಳಿದ ಪ್ರಶ್ನೆ ಇದು: "ರಸ್ತೆ ನನ್ನ ಹೊಸ್ತಿಲಿಂದ ಎಷ್ಟು ಮೇಲೆ ಬರ್ತದೆ ಅಂತ ಮೊದಲೇ ಗೊತ್ತಿದ್ರೆ ನಾನು ಸಾಲ ಮಾಡಿ ಈ ಟೈಲ್ಸ್ ಹಾಕಿಸ್ತಿದ್ದೆನಾ?" ಉತ್ತರ ಇಂಜಿನಿಯರರ ನಕ್ಷೆಯಲ್ಲಿ ಕೆಲಸ ಶುರುವಾಗುವ ಮೊದಲೇ ಇತ್ತು. ರಸ್ತೆಯ ಅಂತಿಮ ಎತ್ತರ ಗೊತ್ತು ಮಾಡದೆ ಎಷ್ಟು ಕಡಿಯಬೇಕು, ಎಷ್ಟು ತುಂಬಿಸಬೇಕು ಎಂಬ ಲೆಕ್ಕ ಆಗುವುದೇ ಇಲ್ಲ. ಇದ್ದ ಉತ್ತರವನ್ನು ಅವರಿಗೆ ತಲುಪಿಸುವ ದಾರಿ ಮಾತ್ರ ಇರಲಿಲ್ಲ. ಭೂಸ್ವಾಧೀನದ ನೋಟೀಸು ಮನೆಬಾಗಿಲಿಗೆ ಬರುತ್ತದೆ. ಹೊಸ್ತಿಲಿನ ಎತ್ತರದ ನೋಟೀಸು ಬರುವುದಿಲ್ಲ.

ಗುತ್ತಿಗೆದಾರರು ನಡುವೆ ಬದಲಾದಾಗ ಈ ಲೆಕ್ಕದ ಬೆಲೆ ಇನ್ನೂ ಹೆಚ್ಚು. ಮೊದಲಿನವರು ಎಲ್ಲಿಯವರೆಗೆ ಕಡಿದು ಬಿಟ್ಟರು, ತುಂಬಿಸಿದ ಮಣ್ಣು ಎರಡು ಮಳೆಗಾಲ ಬಿದ್ದುಕೊಂಡು ಎಷ್ಟು ತೊಳೆದು ಹೋಯಿತು, ಹೊಸಬರ ಲೆಕ್ಕ ಎಲ್ಲಿಂದ ಶುರು? ಇದಕ್ಕೆ ನಿಂತ ದಿನದ ಅಚ್ಚು ಒಂದು, ಮತ್ತೆ ಶುರುವಾದ ದಿನದ ಅಚ್ಚು ಒಂದು ಬೇಕು. ಅರ್ಧ ಕಡಿದ ಗುಡ್ಡಕ್ಕೆ ಆ ನಡುವಿನ ಕಾಲದಲ್ಲಿ ಯಜಮಾನ ಯಾರು ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ.

ಹಾಗಾಗಿ ನನ್ನ ಬೇಡಿಕೆ ದೊಡ್ಡದೇನಲ್ಲ. ಪತ್ತನಾಜೆಗೆ, ಅರ್ಥಾತ್ ಮೇ ತಿಂಗಳ ಕೊನೆಗೆ, ಕೋಲ ನೇಮಗಳೆಲ್ಲ ಮುಗಿದು ಭೂತದ ಗೆಜ್ಜೆ ಒಳಗೆ ಹೋಗುತ್ತದೆ. ಅದಕ್ಕಿಂತ ಒಂದು ವಾರ ಮೊದಲು ಹಿಟಾಚಿಯ ಲೆಕ್ಕವೂ ಹೊರಗೆ ಬರಲಿ. ರಸ್ತೆ ಹಾದುಹೋಗುವ ಪ್ರತಿ ಗ್ರಾಮ ಪಂಚಾಯತಿನ, ಪುರಸಭೆಯ, ಪಟ್ಟಣ ಪಂಚಾಯತಿನ ಗೋಡೆಗೆ ಒಂದು ಹಾಳೆ ಹಚ್ಚಲಿ. ನಮ್ಮೂರ ಗಡಿಯೊಳಗೆ ಕಡಿದ ಜಾಗ ಕೆಂಪು, ತುಂಬಿಸಿದ ಜಾಗ ನೀಲಿ, ಕಡಿದು ಚರಂಡಿ ಗೋಡೆ ಆಗದೆ ಉಳಿದ ಜಾಗಕ್ಕೆ ಕಪ್ಪು ಗೆರೆ. ಮೋರಿ ಎಲ್ಲಿ ಬಾಕಿ ಎಂದು ಒಂದು ಚುಕ್ಕೆ. ಅಡಿಯಲ್ಲಿ ಕನ್ನಡದಲ್ಲಿ ಎರಡು ಸಾಲು, ರಾತ್ರಿ ಹೊತ್ತು ಫೋನ್ ಎತ್ತುವ ಇಂಜಿನಿಯರರ ನಂಬರು. ಬಸ್ಸಿನ ಡ್ರೈವರು ನೋಡಲಿ, ಆ ಬದಿಯಲ್ಲಿ ಬಸ್ಸು ನಿಲ್ಲಿಸದಿರಲಿ. ಶಾಲೆಯ ಮಾಸ್ಟ್ರು ನೋಡಲಿ, ಮಕ್ಕಳು ಯಾವ ದಾರಿಯಲ್ಲಿ ಬರಬೇಕು ಎಂದು ಹೇಳಲಿ.

ಕೆಲವು ಇಂಜಿನಿಯರರು ಇದಕ್ಕೆ ಒಪ್ಪುವುದಿಲ್ಲ. ಜನರು ನಕ್ಷೆ ನೋಡಿ ತಪ್ಪು ತಿಳಿಯುತ್ತಾರೆ, ಕೆಂಪು ಕಂಡಲ್ಲೆಲ್ಲ ಗುಡ್ಡ ಬೀಳುತ್ತದೆ ಎಂದು ಗಲಾಟೆ ಮಾಡುತ್ತಾರೆ, ಕೆಲಸ ನಿಲ್ಲಿಸುತ್ತಾರೆ ಎಂದು ಅವರ ಮಾತು. ಅದರಲ್ಲಿ ಅರ್ಧ ಸತ್ಯ ಉಂಟು. ಕಡಿದ ಎಲ್ಲಾ ಗುಡ್ಡವೂ ಜರಿಯುವುದಿಲ್ಲ, ಆಳ ಒಂದೇ ಕಾರಣವೂ ಅಲ್ಲ. ಆದರೆ ನಕ್ಷೆ ಇಲ್ಲದೆಯೂ ಜನ ಗಲಾಟೆ ಮಾಡಿದ್ದಾರಲ್ಲ! ಗೊತ್ತಿಲ್ಲದೆ ಮಾಡುವ ಗಲಾಟೆಗಿಂತ ಗೊತ್ತಿದ್ದು ಕೇಳುವ ಪ್ರಶ್ನೆ ಇಂಜಿನಿಯರರಿಗೂ ಸುಲಭ. ಇನ್ನು ಕೆಲವರು ಕೆಲಸ ಬೇಗ ಆಗಲಿ, ನಕ್ಷೆ ಗಿಕ್ಷೆ ಎಂದು ತಡ ಮಾಡಬೇಡಿ ಅನ್ನುತ್ತಾರೆ. ವರ್ಷಗಟ್ಟಲೆ ಹೊಂಡದಲ್ಲಿ ಬೆನ್ನು ಮುರಿಸಿಕೊಂಡ ಬಸ್ಸು ಪ್ರಯಾಣಿಕರ ಈ ಮಾತಿಗೆ ನಾನು ಎದುರಾಡುವುದಿಲ್ಲ. ಒಂದು ಹಾಳೆ ಅಚ್ಚು ಹಾಕಿ ಗೋಡೆಗೆ ಹಚ್ಚುವುದರಿಂದ ತಡವಾಗುವ ರಸ್ತೆ ಬೇರೆ ನೂರು ಕಾರಣಕ್ಕೆ ಮೊದಲೇ ತಡವಾಗಿರುತ್ತದೆ ಎಂದಷ್ಟೇ ಹೇಳುತ್ತೇನೆ.

ಸಂಬಂಧಪಟ್ಟವರು ತಾವಾಗಿ ಗೋಡೆಗೆ ಹಚ್ಚದಿದ್ದರೆ ಕೇಳುವ ದಾರಿ ಉಂಟು. 2005ರ ಮಾಹಿತಿ ಹಕ್ಕು ಕಾನೂನಿನಲ್ಲಿ ಬರೇ ಕಾಗದ ಕೇಳುವ ಹಕ್ಕು ಮಾತ್ರ ಇರುವುದೆಂದು ಹಲವರ ಎಣಿಕೆ. ಹಾಗಲ್ಲ. ಕಾಮಗಾರಿಯನ್ನು ಕಣ್ಣಾರೆ ಪರಿಶೀಲಿಸುವ ಹಕ್ಕೂ, ಸಾಮಗ್ರಿಯ ದೃಢೀಕೃತ ಮಾದರಿ ತೆಗೆದುಕೊಳ್ಳುವ ಹಕ್ಕೂ ಅದರಲ್ಲಿ ಸೇರಿದೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿವಸದೊಳಗೆ ಉತ್ತರ. ಕಲ್ಲಡ್ಕ, ಮಾಣಿ ಕಡೆಯವರೂ ಮೂಡಬಿದಿರೆ ಕಡೆಯವರೂ ಹೆದ್ದಾರಿ ಪ್ರಾಧಿಕಾರದ ಮಂಗಳೂರು ಕಛೇರಿಗೆ ಬರೆಯಿರಿ. ಬೆಳ್ತಂಗಡಿ ಕಡೆಯವರು ಲೋಕೋಪಯೋಗಿಯ ರಾಷ್ಟ್ರೀಯ ಹೆದ್ದಾರಿ ವಿಭಾಗಕ್ಕೆ. ಪ್ರಾಧಿಕಾರದ ಡ್ರೋನು ಆದೇಶ ಅದರ ಸ್ವಂತ ಕೆಲಸಗಳಿಗೆ ಹೊರಡಿಸಿದ್ದು, ಆದ್ದರಿಂದ ಬೆಳ್ತಂಗಡಿಯವರು ವಿಡಿಯೋ ಎಂದು ಬರೆಯದೆ "ಅಡ್ಡಕೊಯ್ತದ ನಕ್ಷೆ ಮತ್ತು ಅಳತೆ ದಾಖಲೆ" ಎಂದು ಬರೆದರೆ ಒಳ್ಳೆಯದು. ಉದ್ದದ ಪುರಾಣ ಬೇಡ. ನಮ್ಮ ಗ್ರಾಮದ ಗಡಿಯೊಳಗೆ ಕೆಲಸಕ್ಕೆ ಮೊದಲಿನ ನೆಲದ ಎತ್ತರ, ರಸ್ತೆಯ ಅಂತಿಮ ಎತ್ತರ, ಈ ಮೇ ತಿಂಗಳವರೆಗೆ ಕಡಿದ ಮತ್ತು ತುಂಬಿಸಿದ ಪ್ರಮಾಣ, ಏರಿಯ ಪದರಗಳ ಗಟ್ಟಿ ಪರೀಕ್ಷೆಯ ಫಲಿತಾಂಶ, ಬಾಕಿ ಇರುವ ಚರಂಡಿ, ಗೋಡೆ, ಮೋರಿಗಳ ಪಟ್ಟಿ. ಇಷ್ಟು ಸಾಕು. ಪರಿಶೀಲನೆಗೆ ದಿನ ಗೊತ್ತು ಮಾಡಿ ಎಂಬ ಒಂದು ಸಾಲು ಕೊನೆಯಲ್ಲಿ ಸೇರಿಸಿ. ಆ ದಿನ ಹೋಗುವಾಗ ಊರಿನಲ್ಲಿ ಬಾವಿ ತೋಡಿದ ಅನುಭವ ಇರುವ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ. ಬರೆಯಲ್ಲಿ ಶೇಡಿ ಎಲ್ಲಿ ಶುರುವಾಗುತ್ತದೆ ಎಂದು ಅವರು ಕೈ ಮಾಡಿ ತೋರಿಸುತ್ತಾರೆ.